ಮುಡಬಿಯ ಐವತ್ತೊಂದು ಒಲೆಗಳು

ಮುಡಬಿ
೯ ಜನವರಿ ೧೯೮೬

ಹುಮನಾಬಾದಿನ ಮುಖ್ಯಸೇವಿಕೆ ಶಕುಂತಲಾಬಾಯಿಯವರಿಗೆ, ಮುಡಬಿಯ ಗ್ರಾಮಸೇವಿಕೆ ಲಲಿತಾಬಾಯಿಯ ಶರಣಾರ್ಥಿ.

ಮೂರು ವರ್ಷಗಳ ಮೇಲೆ ನಿಮಗೆ ಕಾಗದ ಬರೆಯುತ್ತಿದ್ದೇನೆ. ‘ನೀವು’ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು, ಸುಳ್ಳೇಕೆ ಹೇಳಲಿ. ತರಬೇತಿ ಕೇಂದ್ರದ ಕೋಣೆಯಲ್ಲಿ ಒಂದೇ ಗಂಗಾಳದಲ್ಲಿ ಉಂಡವರು ನಾವು. ಆಗ ನೀವು ನನಗೆ ಶಕುಂತಲಕ್ಕ. ಆಮೇಲೆ ಅಧಿಕಾರಿಯಾಗಿ ನನ್ನ ಹೊಲಿಗೆ ತರಗತಿ ನೋಡಲು ಬಂದಿರಿ. ಹುಡುಗಿಯರೆಲ್ಲ ಅವತ್ತು ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ‘ತರಗತಿ ನಡೆಯುತ್ತಿಲ್ಲ’ ಎಂದು ಬರೆದು ಎದ್ದು ಹೋದಿರಿ. ಎಂಟು ಹೊಲಿಗೆ ಯಂತ್ರಗಳು ವಾಪಸು ಹೋದವು, ನಾನು ಮುಡಬಿಗೆ ಬಂದೆ. ಅದು ಇರಲಿ. ಇರಲಿ ಎಂದು ಬರೆದೆನೇ ಹೊರತು ಹೊಟ್ಟೆಯಲ್ಲಿ ಇನ್ನೂ ಇದೆ.

ಈಗಿನ ವಿಷಯ ಒಲೆಯದು. ಹೊಗೆಯಿಲ್ಲದ ಒಲೆಗೆ ಸರಕಾರ ಸಹಾಯಧನ ಕೊಡುತ್ತಿದೆಯಲ್ಲ, ಅದರಲ್ಲಿ ನಮ್ಮ ಊರಿಗೆ ಐವತ್ತೊಂದು ಬಂದಿವೆ. ಮಣ್ಣು ಮನೆಯವರದು, ಸಿಮೆಂಟಿನ ಹೊಗೆಕೊಳವೆ ಸರಕಾರದ್ದು, ಕೈ ಮಾತ್ರ ಸರ್ದಾರಬಿಯದು. ಅವಳು ನಮ್ಮ ಊರಿನ ವಿಧವೆ. ಮೊದಲು ಸಂತೆಯಲ್ಲಿ ಮಣ್ಣಿನ ಒಲೆ ಮಾರುತ್ತಿದ್ದಳು. ಸರಕಾರದವರು ಎಂಟು ದಿನ ತರಬೇತಿ ಕೊಟ್ಟು ಹೊಸ ಒಲೆಯ ನಕ್ಷೆ ಕಲಿಸಿದರು. ಈಗ ಅವಳ ಹೊಟ್ಟೆ ಹೊರೆಯುವುದು ಇದೇ ಕೆಲಸ.

ನಮ್ಮ ತಾಲ್ಲೂಕಿನ ಒಲೆಗಳನ್ನು ನಿಮ್ಮವರು, ನಿಮ್ಮವನ್ನು ನಮ್ಮವರು ನೋಡಬೇಕೆಂದು ಹೊಸ ಆದೇಶವಾಗಿದೆ. ಮುಡಬಿಗೆ ನೀವು ಬರುತ್ತೀರಿ ಎಂದು ಬಸವಕಲ್ಯಾಣದ ಮೀಟಿಂಗಿನಲ್ಲಿ ಓದಿದರು. ನಕ್ಷೆಯಂತೆ ಇಲ್ಲದ ಒಲೆಯ ಕೊಳವೆಯನ್ನು ಮಾಳಿಗೆಯಿಂದ ಕಿತ್ತು ವಾಪಸು ತರಬೇಕಂತೆ. ಮಾಡಿದವಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬೇಕಂತೆ. ನನ್ನ ಬೇಡಿಕೆ ಒಂದೇ. ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದು ಒಲೆ ನೋಡಬೇಡಿ. ರೊಟ್ಟಿ ಬಡಿಯುವ ಹೊತ್ತಿಗೆ ಬನ್ನಿ.

ಲಲಿತಾಬಾಯಿ

*

ಹುಮನಾಬಾದ
೨೧ ಜನವರಿ ೧೯೮೬

ಲಲಿತಾಬಾಯಿಯವರಿಗೆ,

ನಿಮ್ಮ ಕಾಗದ ಮುಟ್ಟಿತು. ಪರಿಶೀಲನೆಗೆ ಬರುವವರಿಗೆ ಊರಿನವರು ಮೊದಲೇ ಕಾಗದ ಬರೆಯುವುದು ಸರಿಯಲ್ಲ. ಇದನ್ನು ಕಡತಕ್ಕೆ ಸೇರಿಸುವುದಿಲ್ಲ, ಅಷ್ಟು ಮಾಡಬಲ್ಲೆ.

ಬರುವ ದಿನ, ಹೊತ್ತು ತಿಳಿಸುವಂತಿಲ್ಲ. ಫಾರ್ಮಿನಲ್ಲಿ ಎರಡು ಪ್ರಶ್ನೆಗಳಿವೆ. ಒಲೆ ನಕ್ಷೆಯಂತೆ ಇದೆಯೇ? ಕೊಳವೆ ಇದೆಯೇ? ಕಂಡದ್ದನ್ನು ಬರೆಯುತ್ತೇನೆ. ಹಿಂದೆಯೂ ಕಂಡದ್ದನ್ನೇ ಬರೆದಿದ್ದೆ.

ಆರೋಗ್ಯ ಜೋಪಾನ.

ಶಕುಂತಲಾಬಾಯಿ

*

ಮುಡಬಿ
೩ ಫೆಬ್ರುವರಿ ೧೯೮೬

ಶಕುಂತಲಾಬಾಯಿಯವರಿಗೆ,

ಬರೆಯಬಾರದು ಎಂದಿರಿ, ಆದರೂ ಬರೆಯುತ್ತಿದ್ದೇನೆ. ಇದನ್ನು ಬೇಕಾದರೆ ಕಡತಕ್ಕೆ ಸೇರಿಸಿ, ನನಗೆ ಅಡ್ಡಿಯಿಲ್ಲ. ತಪ್ಪೊಪ್ಪಿಗೆ ಕಡತದಲ್ಲೇ ಇರಬೇಕು.

ಸರಕಾರದ ನಕ್ಷೆಯಲ್ಲಿ ಒಲೆಯ ಬಾಯಿ ಬಹಳ ಸಣ್ಣದು. ಅನ್ನ ಬೇಯಿಸುವ ಸೀಮೆಯವರು ಬರೆದ ನಕ್ಷೆ ಅದು. ಗಡಿಗೆ ಮೇಲಿಟ್ಟು, ಕೆಳಗೆ ಎರಡು ಕಟ್ಟಿಗೆ ತುರುಕಿದರೆ ಅವರ ಕೆಲಸ ಮುಗಿಯಿತು. ನಮ್ಮದು ಹಾಗಲ್ಲ, ನಿಮಗೆ ನಾನು ಹೇಳಬೇಕೇ? ಜೋಳದ ರೊಟ್ಟಿ ಹಂಚಿನ ಮೇಲೆ ಎರಡು ಮಗ್ಗುಲು ಬೆಂದ ಮೇಲೆ ಒಲೆಯ ಬಾಯಿಗೆ, ಕೆಂಡದ ಎದುರಿಗೆ ಆನಿಸಿ ನಿಲ್ಲಿಸಬೇಕು. ಆಗಲೇ ಅದು ಉಬ್ಬುವುದು. ಸಣ್ಣ ಬಾಯಿಯಲ್ಲಿ ರೊಟ್ಟಿ ನಿಲ್ಲುವುದಿಲ್ಲ, ಉದ್ದನೆಯ ತೊಗರಿ ಕಟ್ಟಿಗೆಯೂ ಹೋಗುವುದಿಲ್ಲ.

ವಾರ ಎರಡು ವಾರ ಹೆಂಗಸರು ಹಸಿ ರೊಟ್ಟಿ ಉಣಿಸಿ ಗಂಡಂದಿರ ಬೈಗಳು ತಿಂದರು. ಆಮೇಲೆ ಒಬ್ಬಳು ಕುಡುಗೋಲಿನಿಂದ ಬಾಯಿಯನ್ನು ಒಂದು ಗೇಣು ನಾಲ್ಕು ಬೆರಳು ಅಗಲ ಮಾಡಿದಳು. ನೋಡನೋಡುತ್ತ ಮೂವತ್ತೆಂಟು ಮನೆಯಲ್ಲಿ ಅದೇ ಆಯಿತು. ಸರ್ದಾರಬಿಗೆ ಮೊದಲು ಸಿಟ್ಟು ಬಂದಿತ್ತು. ‘ನಾ ಮಾಡಿದ ಒಲಿ ಒಡೀತಾರೇನ್ರಿ?’ ಎಂದು ಜಗಳಕ್ಕೆ ಹೋದವಳು, ಹಾಗೆ ಒಲೆ ಒಡೆದಿದ್ದ ರುಕ್ಮಿಣಿಬಾಯಿ ಎಂಬವಳ ಮನೆಯಲ್ಲಿ ಉಬ್ಬಿದ ರೊಟ್ಟಿ ತಿಂದು ಸುಮ್ಮನೆ ಬಂದಳು. ಮರುದಿನ ತಾನೇ ಮನೆಮನೆಗೆ ಹೋಗಿ ಒಡೆದ ಅಂಚನ್ನು ಮಣ್ಣಿನಿಂದ ಗಟ್ಟಿ ಮಾಡಿಕೊಟ್ಟಳು.

ಇಲ್ಲಿಯವರೆಗೆ ಅವರ ಕಥೆ. ಇನ್ನು ನನ್ನದು. ನವೆಂಬರಿನಲ್ಲಿ ಬೀದರಿನಿಂದ ಫೋಟೋ ತೆಗೆಯಲು ಬರುತ್ತಾರೆಂದು ಸುದ್ದಿ ಬಂತು. ನನಗೆ ಭಯವಾಯಿತು. ಹೊಲಿಗೆ ಯಂತ್ರ ಹೋದ ಹಾಗೆ ಇವೂ ಹೋಗುತ್ತವೆ ಎಂದು, ಹಿಂದಿನ ದಿನ ಎಲ್ಲರ ಮನೆಯಲ್ಲೂ ಒಲೆಯ ಬಾಯಿಗೆ ಹಸಿ ಮಣ್ಣು ಮೆತ್ತಿಸಿ ಸಣ್ಣದು ಮಾಡಿಸಿದೆ. ಫೋಟೋ ಆಯಿತು. ಮರುದಿನ ಮುಂಜಾನೆ ರೊಟ್ಟಿಗೆ ಮತ್ತೆ ಕೆಡವಿದರು. ಈಗ ಸರಕಾರದ ಕಡತದಲ್ಲಿ ಐವತ್ತೊಂದೂ ಒಲೆ ನೆಟ್ಟಗಿವೆ. ನೀವು ಬಂದು ನೋಡಿದರೆ, ಸರಕಾರದ ಕೊಳವೆ ತೆಗೆದುಕೊಂಡ ಮೇಲೆ ಬೇಕೆಂದೇ ಒಡೆದಿದ್ದಾರೆ ಎಂದಾಗುತ್ತದೆ. ಹೆಂಗಸರ ಮೇಲೆ ಆ ಮಾತು ಬರಲು ನಾನು ಕಾರಣ. ಮೆತ್ತಿಸಿದವಳು ನಾನು, ಸರ್ದಾರಬಿ ಅಲ್ಲ.

ಈ ಸಲ ಮೆತ್ತಿಸುವುದಿಲ್ಲ. ಇದ್ದ ಹಾಗೆ ನೋಡಿ.

ಲಲಿತಾಬಾಯಿ

*

ಹುಮನಾಬಾದ
೨ ಮಾರ್ಚ್ ೧೯೮೬

ಲಲಿತಾ,

ಊರಿನಲ್ಲಿ ನಿನ್ನ ಜೊತೆ ಮಾತಾಡಲಿಲ್ಲ. ಅಳತೆಪಟ್ಟಿ ಹಿಡಿದುಕೊಂಡು ಓಡಾಡುವಾಗ ಗುರುತಿನವಳ ಮುಖ ನೋಡಿದರೆ ನನ್ನ ಕೈ ಸಡಿಲವಾಗುತ್ತದೆ. ಅದಕ್ಕೇ ಹಿಂದಿನ ಸಂಜೆಯ ಬಸ್ಸಿಗೆ ಬಂದು ಶಾಲೆಯ ಮಾಸ್ತರರ ಮನೆಯಲ್ಲಿ ಉಳಿದೆ. ಎರಡು ಮುಂಜಾನೆ ಐವತ್ತೊಂದು ಮನೆ ನೋಡಿದೆ. ರೊಟ್ಟಿ ಬಡಿಯುವ ಹೊತ್ತಿಗೇ ನೋಡಿದೆ.

ನೀನು ಬರೆದದ್ದು ನಿಜ. ಮೂವತ್ತೆಂಟು ಒಲೆಗಳ ಬಾಯಿ ಅಗಲವಾಗಿದೆ. ಆ ಮೂವತ್ತೆಂಟರಲ್ಲೂ ಬೆಂಕಿ ಇತ್ತು. ಬಾಯಿ ಅಗಲವಾದರೂ ಹೊಗೆ ಕೊಳವೆಯ ದಾರಿಯಲ್ಲೇ ಹೋಗುತ್ತಿತ್ತು, ಅದನ್ನು ನಾನು ಮಾಳಿಗೆ ಹತ್ತಿ ನೋಡಿ ಬಂದೆ. ರುಕ್ಮಿಣಿಬಾಯಿ ನನ್ನನ್ನು ಬಿಡಲಿಲ್ಲ. ‘ಮೂವತ್ತು ವರ್ಷ ರೊಟ್ಟಿ ಜೋಡಿ ಕಣ್ಣೀರೂ ಬಡದೀನ್ರಿ. ಈಗ ಕಣ್ಣ ಒರಸ್ಕೊಳ್ಳಾಕ ಸೆರಗು ಬೇಕಾಗವಲ್ದು’ ಎಂದು ಬಿಸಿ ರೊಟ್ಟಿ ಕೈಗೆ ಕೊಟ್ಟಳು. ಪರಿಶೀಲನೆಗೆ ಹೋದ ಮನೆಯಲ್ಲಿ ನೀರೂ ಕುಡಿಯಬಾರದೆಂದು ನನ್ನ ನೇಮ. ಅವತ್ತು ರೊಟ್ಟಿ ತಿಂದೆ.

ಹದಿಮೂರು ಒಲೆಗಳು ನಕ್ಷೆಯಂತೆ ಇವೆ. ಕೆಮ್ಮಣ್ಣು ಸಾರಿಸಿ ಕುಂಕುಮ ಹಚ್ಚಿದ್ದಾರೆ. ಒಂದರ ಮೇಲೆ ಹಿಟ್ಟಿನ ಡಬ್ಬಿಗಳಿದ್ದವು. ಒಂದರೊಳಗೆ ಕೋಳಿ ಕಾವಿಗೆ ಕೂತಿತ್ತು, ನನ್ನ ಕೈ ಕುಕ್ಕಿತು. ಆ ಹದಿಮೂರು ಮನೆಯವರೆಲ್ಲ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಹೊಗೆಯಲ್ಲೇ ಅಡಿಗೆ ಮಾಡುತ್ತಿದ್ದರು.

ಆದರೆ ಲಲಿತಾ, ಫಾರ್ಮಿನಲ್ಲಿ ಒಲೆ ಹೊತ್ತಿಸುತ್ತಾರೆಯೇ ಎಂಬ ಪ್ರಶ್ನೆ ಇಲ್ಲ. ಫಾರ್ಮಿನ ಪ್ರಕಾರ ಹದಿಮೂರು ಪಾಸು, ಮೂವತ್ತೆಂಟು ನಪಾಸು. ನಾನು ಬರೆಯಬೇಕಾದದ್ದು ಅದೇ. ಈ ತಿಂಗಳ ಕೊನೆಗೆ ವರದಿ ಹೋಗಬೇಕು. ಮೂರು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ.

ಶಕುಂತಲಾ

*

ಮುಡಬಿ
೯ ಮಾರ್ಚ್ ೧೯೮೬

ಶಕುಂತಲಾಬಾಯಿಯವರಿಗೆ,

ಕನಿಕರ ಪಟ್ಟು ಮೂವತ್ತೆಂಟನ್ನು ಪಾಸು ಮಾಡಿ ಎಂದು ನಾನು ಕೇಳುವುದಿಲ್ಲ. ನಿಮ್ಮಿಂದ ಅದು ಆಗದು, ಆಗಲೂಬಾರದು. ನಾನು ಕೇಳುವುದು ಬೇರೆ. ಐವತ್ತೊಂದನ್ನೂ ನಪಾಸು ಮಾಡಿ.

ಫಾರ್ಮು ಬಿಡಿ, ಅದರ ಜೊತೆ ಬಂದ ಸುತ್ತೋಲೆ ತೆಗೆದು ಓದಿ. ಮೊದಲನೆಯ ಪುಟದಲ್ಲೇ ಇದೆ: ‘ನಿತ್ಯ ಬಳಕೆಯಲ್ಲಿರುವ ಒಲೆಗೆ ಮಾತ್ರ ಸಹಾಯಧನ ಸಲ್ಲತಕ್ಕದ್ದು.’ ಕೋಳಿ ಕೂತ ಒಲೆ ನಿತ್ಯ ಬಳಕೆಯಲ್ಲಿದೆ ಎಂದು ಕೋಳಿ ಬೇಕಾದರೆ ಹೇಳೀತು, ನೀವು ಬರೆಯಬಲ್ಲಿರಾ? ಉರಿಯುವ ಒಲೆ ನಕ್ಷೆಗೆ ಹೊರಗು, ನಕ್ಷೆಯ ಒಲೆ ಉರಿಗೆ ಹೊರಗು. ನಿಯಮವನ್ನು ಜಾರಿ ಮಾಡುವುದೇ ಆದರೆ ಪೂರ್ತಿ ಮಾಡಿ. ಅರ್ಧ ಮಾಡಿದರೆ ಹೆಂಗಸರದು ತಪ್ಪಾಗುತ್ತದೆ. ಪೂರ್ತಿ ಮಾಡಿದರೆ ನಕ್ಷೆಯದೇ ತಪ್ಪಲ್ಲವೇ ಎಂದು ಯಾರಾದರೂ ಕೇಳಲೇಬೇಕಾಗುತ್ತದೆ.

ಇದನ್ನು ಸರ್ದಾರಬಿಗೆ ಹೇಳದೆ ಬರೆಯುತ್ತಿಲ್ಲ. ನಪಾಸಾದರೆ ಅವಳ ಹೆಸರು ಹೋಗಬಹುದು, ಮಳೆಗಾಲದ ಮುಂದೆ ಐವತ್ತೊಂದು ಮಾಳಿಗೆಯಲ್ಲಿ ತೂತು ಬೀಳಬಹುದು ಎಂದೆ. ಮಣ್ಣು ತುಳಿಯುತ್ತಿದ್ದವಳು ನಿಲ್ಲಿಸಲಿಲ್ಲ. ‘ಹದಿಮೂರು ಉಳಸ್ಕೊಂಡು ನಾ ಏನ್ ಮಾಡ್ಲಿ ಬಾಯಾರ? ಅದ್ರಾಗ ಯಾರೂ ಬೆಂಕಿ ಹಚ್ಚವಲ್ರು. ಬೆಂಕಿ ಕಾಣದ ಒಲಿ ನಾ ಮಾಡೀನಿ ಅಂತ ಹ್ಯಾಂಗ ಹೇಳ್ಕೊಳ್ಳಲಿ? ಬರೀರಿ ಅನ್ರಿ’ ಎಂದಳು.

ನವೆಂಬರಿನಲ್ಲಿ ಮಣ್ಣು ಮೆತ್ತಿಸಿದವಳು ನಾನು ಎಂದು ಸಹಿ ಮಾಡಿದ ಹೇಳಿಕೆ ಇದರ ಜೊತೆ ಇಟ್ಟಿದ್ದೇನೆ. ವರದಿಗೆ ಲಗತ್ತಿಸಿ. ಲಗತ್ತಿಸದೆ ನನ್ನನ್ನು ಉಳಿಸಲು ಹೋದರೆ ಇನ್ನು ಮುಂದೆ ನಿಮಗೆ ಕಾಗದ ಬರೆಯುವುದಿಲ್ಲ.

ಲಲಿತಾ

*

ಹುಮನಾಬಾದ
೨೮ ಏಪ್ರಿಲ್ ೧೯೮೬

ಲಲಿತಾ,

ಇಷ್ಟು ದಿನ ಬರೆಯಲಿಲ್ಲ ಎಂದು ಸಿಟ್ಟಾಗಿರುತ್ತೀಯ. ವರದಿ ಕೊಟ್ಟು, ಅದರ ಫಲ ತಿಳಿದ ಮೇಲೆಯೇ ಬರೆಯಬೇಕೆಂದಿದ್ದೆ.

ಐವತ್ತೊಂದಕ್ಕೆ ಐವತ್ತೊಂದೂ ನಪಾಸು ಎಂದು ಬರೆದೆ. ಫಾರ್ಮಿನಲ್ಲಿ ಜಾಗವಿಲ್ಲದ್ದನ್ನು ಬೇರೆ ಹಾಳೆಯಲ್ಲಿ ಬರೆದೆ, ಒಂದೊಂದು ಮನೆಗೆ ಒಂದೊಂದು ಸಾಲು. ಬೀದರಿಗೆ ಕರೆಸಿದರು. ದೊಡ್ಡ ಸಾಹೇಬರು ಹಾಳೆ ತಿರುವಿ, ‘ಒಂದೂ ಪಾಸಿಲ್ಲ ಅಂದ್ರ ಏನ್ರಿ ಬಾಯಿ? ಹತ್ತಿಪ್ಪತ್ತಾದ್ರೂ ಪಾಸ್ ಮಾಡ್ರಿ, ಮ್ಯಾಲಿನವ್ರಿಗೆ ನಾ ಏನ್ ಬರೀಲಿ?’ ಎಂದರು.

‘ಯಾವ ಇಪ್ಪತ್ತು ಅಂತ ನೀವೇ ಗುರುತು ಹಾಕ್ರಿ ಸಾಹೇಬ್ರ, ಅದರ ಕೆಳಗ ಸಹಿನೂ ನೀವೇ ಮಾಡ್ರಿ’ ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಇದೇ ಮೊದಲು.

ಸಾಹೇಬರು ಕೆಟ್ಟವರಲ್ಲ. ಮೂವತ್ತೆಂಟು ಎಂದಿದ್ದರೆ ಒಂದು ನಿಮಿಷದಲ್ಲಿ ಕೊಳವೆ ಕೀಳಿಸುವ ಆದೇಶಕ್ಕೆ ಸಹಿ ಹಾಕುತ್ತಿದ್ದರು. ಐವತ್ತೊಂದು ಎಂದಾಗ ಪೆನ್ನು ಕೆಳಗಿಟ್ಟು ‘ಯಾಕ?’ ಎಂದು ಕೇಳಿದರು. ನೀನು ಹೇಳಿದ ಹಾಗೇ ಆಯಿತು. ಗುಲಬರ್ಗಾದಿಂದ ಒಬ್ಬ ಇಂಜಿನಿಯರ್ ಬಂದು ನೋಡುವವರೆಗೆ ಕೊಳವೆ ಕೀಳಬಾರದು, ಸರ್ದಾರಬಿಯ ಹೆಸರು ತೆಗೆಯಬಾರದು ಎಂದು ಬರೆಸಿಕೊಂಡೇ ಎದ್ದೆ.

ನಿನ್ನ ಹೇಳಿಕೆಯನ್ನೂ ಕೊಟ್ಟೆ. ಒಂದು ವರ್ಷದ ಇನ್‌ಕ್ರಿಮೆಂಟ್ ನಿಲ್ಲಿಸಿದ ಪತ್ರ ಈ ವಾರ ನಿನಗೆ ಬರುತ್ತದೆ. ನನ್ನ ಕೈಯಾರೆ ಕೊಟ್ಟೆ, ಮನೆಗೆ ಬಂದು ಅತ್ತೆ.

ಮತ್ತೊಂದು ಮಾತು, ಮೂರು ವರ್ಷ ತಡವಾಗಿ. ನಿನ್ನ ಹೊಲಿಗೆ ತರಗತಿಗೆ ಬಂದ ದಿನ ಖಾಲಿ ಕೋಣೆ ಕಂಡೆ, ಖಾಲಿ ಎಂದು ಬರೆದೆ. ಹುಡುಗಿಯರು ಎಲ್ಲಿ ಎಂದು ನಿನ್ನನ್ನು ಕೇಳಲಿಲ್ಲ. ಕಂಡದ್ದನ್ನೇ ಬರೆದೆ ಎಂದು ಇಷ್ಟು ದಿನ ಬೀಗುತ್ತಿದ್ದೆ. ಅದು ನನ್ನ ತಪ್ಪು. ನಿನ್ನ ಕ್ಷಮೆ ಕೇಳುತ್ತೇನೆ.

ನಿನ್ನ
ಶಕುಂತಲಾ

*

ಮುಡಬಿ
೨೦ ಜೂನ್ ೧೯೮೬

ಶಕುಂತಲಕ್ಕ,

ನಿನ್ನ ಕಾಗದ ಎರಡು ಸಲ ಓದಿದೆ. ಉತ್ತರ ಬರೆಯಲು ಕೂತಾಗಲೆಲ್ಲ ಏನೋ ಒಂದು ಕೆಲಸ ಹುಡುಕಿಕೊಂಡು ಎದ್ದೆ. ಹೊಟ್ಟೆಯಲ್ಲಿದ್ದದ್ದು ಹೋಯಿತು, ಅಷ್ಟೇ ಬರೆಯಬಲ್ಲೆ. ಇನ್‌ಕ್ರಿಮೆಂಟಿನ ಚಿಂತೆ ಮಾಡಬೇಡ. ಮಾಡಿದ್ದುಣ್ಣೋ ಮಹಾರಾಯ.

ಇಂಜಿನಿಯರ್ ಜಲಾಲುದ್ದೀನ್ ಎಂಬ ಹುಡುಗ ಬಂದು ಮೂರು ದಿನ ಇದ್ದ. ಮೊದಲ ದಿನ ನಕ್ಷೆ ಬಿಡಿಸಿಟ್ಟು, ಬಾಯಿ ಅಗಲವಾದರೆ ಕಟ್ಟಿಗೆ ಹೆಚ್ಚು ಖರ್ಚಾಗುತ್ತದೆ ಎಂದು ನಮಗೆ ಪಾಠ ಹೇಳಿದ. ಸರ್ದಾರಬಿ ಪೂರ್ತಿ ಕೇಳಿದಳು. ಆಮೇಲೆ, ‘ಸಾಹೇಬ್ರ, ರೊಟ್ಟಿ ತಿಂದು ನಕ್ಷಿ ಬರೀಬೇಕು. ನಕ್ಷಿ ಬರದು ರೊಟ್ಟಿ ತಿನ್ನಸಬಾರದು’ ಎಂದಳು. ಹುಡುಗ ಕೆಂಪಾದ. ಆದರೆ ಒಳ್ಳೆಯವನು, ಮರುದಿನ ಐದೂವರೆಗೆ ರುಕ್ಮಿಣಿಬಾಯಿಯ ಅಡಿಗೆಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಕಟ್ಟಿಗೆ ತೂಗಿದ, ರೊಟ್ಟಿ ಎಣಿಸಿದ, ಸರ್ದಾರಬಿಯ ಗೇಣಿಗೆ ಪಟ್ಟಿ ಹಿಡಿದು ಅಳೆದುಕೊಂಡ. ಕಟ್ಟಿಗೆ ಹೆಚ್ಚು ಖರ್ಚಾಗುವುದು ನಿಜವೇ. ರೊಟ್ಟಿ ಆದ ಮೇಲೆ ಬಾಯಿಗೆ ಒಂದು ಮಣ್ಣಿನ ಮುಚ್ಚಳ ಇಟ್ಟರೆ ಆಗದೇ ಎಂದು ಅವನು ಕೇಳಿದ. ಸಂಜೆಯೊಳಗೆ ಸರ್ದಾರಬಿ ಮುಚ್ಚಳ ಮಾಡಿಟ್ಟಳು.

ಊರಿನಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಾರೆ ಎಂದುಕೊಳ್ಳಬೇಡ. ನಕ್ಷೆಯಂತೆ ಒಲೆ ಇದ್ದ ಹದಿಮೂರು ಮನೆಯವರಿಗೆ ನನ್ನ ಮೇಲೆ ಸಿಟ್ಟು. ಅವರಲ್ಲಿ ಮಹಾರುದ್ರಪ್ಪನವರ ಹೆಂಡತಿ ದಾರಿಯಲ್ಲಿ ಕಂಡರೆ, ‘ನಾವು ಒಡದಿಲ್ಲ ಸುಟ್ಟಿಲ್ಲ, ನಮ್ಮನ್ಯಾಕ ಕಳ್ಳರ ಸಾಲಿನಾಗ ನಿಲ್ಲಿಸಿದಿ?’ ಎನ್ನುತ್ತಾಳೆ.

ಮೊನ್ನೆ ದೊಡ್ಡ ಮಳೆ ಬಂತು. ಐವತ್ತೊಂದು ಕೊಳವೆಯೂ ಮಾಳಿಗೆಯ ಮೇಲೆ ನಿಂತಿದ್ದವು.

ನಿನ್ನ
ಲಲಿತಾ

*

ಹುಮನಾಬಾದ
೧೨ ಸೆಪ್ಟೆಂಬರ್ ೧೯೮೬

ಲಲಿತಾ,

ಮೊದಲು ಒಳ್ಳೆಯ ಸುದ್ದಿ. ನಮ್ಮ ಜಿಲ್ಲೆಗೆ ಹೊಸ ನಕ್ಷೆ ಮಂಜೂರಾಗಿದೆ. ಬಾಯಿ ಒಂದು ಗೇಣು ನಾಲ್ಕು ಬೆರಳು, ಅವರು ಸೆಂಟಿಮೀಟರಿನಲ್ಲಿ ಬರೆದಿದ್ದಾರೆ. ಮುಚ್ಚಳವೂ ಇದೆ. ಹಳೆಯ ಐವತ್ತೊಂದಕ್ಕೂ ಮುಚ್ಚಳ ಮಾಡಿಟ್ಟರೆ, ಆ ಹದಿಮೂರರ ಬಾಯಿ ಅಗಲ ಮಾಡಿದರೆ, ಎಲ್ಲ ಪಾಸು. ಮಹಾರುದ್ರಪ್ಪನವರ ಹೆಂಡತಿಗೂ ಹೇಳು.

ಇನ್ನು ಕೆಟ್ಟದ್ದು. ಒಲೆ ಒಂದಕ್ಕೆ ಒಂದರಂತೆ ನೀನು ತುಂಬುವ ಸಹಾಯಧನದ ಫಾರ್ಮಿಗೆ ಬರುವ ಏಪ್ರಿಲ್‌ನಿಂದ ಒಲೆ ಮಾಡಿದವಳು ತಾನೇ ಓದಿ ಸಹಿ ಮಾಡಬೇಕು. ಸರ್ದಾರಬಿಯ ಹಾಗೆ ಹೆಬ್ಬೆಟ್ಟು ಒತ್ತಿದರೆ ನಡೆಯುವುದಿಲ್ಲ. ಸಹಿ ಬಾರದವರಿಗೆ ಕೊಳವೆ ಕೊಡುವುದಿಲ್ಲ. ಎಲ್ಲೋ ಒಂದು ಕಡೆ ಯಾರೋ ಒಬ್ಬಳಿಂದ ಅರವತ್ತು ಖಾಲಿ ಫಾರ್ಮಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಒಂದೂ ಒಲೆ ಮಾಡದೆ ಸಹಾಯಧನ ಎತ್ತಿದ್ದಾರಂತೆ. ಅದಕ್ಕೆ ಈ ನಿಯಮ. ನಾನು ಆಕ್ಷೇಪ ಬರೆದೆ, ತಳ್ಳಿಹಾಕಿದರು. ಸರ್ದಾರಬಿಯ ಗೇಣು ನಕ್ಷೆಯಲ್ಲಿ ಉಳಿಯಿತು, ಅವಳು ಪಟ್ಟಿಯಲ್ಲಿ ಉಳಿಯುವುದಿಲ್ಲ. ಇದನ್ನು ಅವಳಿಗೆ ನೀನು ಹೇಗೆ ಹೇಳುತ್ತೀಯೋ.

ಶಕುಂತಲಾ

*

ಮುಡಬಿ
೨೫ ಸೆಪ್ಟೆಂಬರ್ ೧೯೮೬

ಶಕುಂತಲಕ್ಕ,

ಒಬ್ಬರ ಹೆಬ್ಬೆಟ್ಟು ಇನ್ನೊಬ್ಬರಿಗೆ ಇರುವುದಿಲ್ಲ, ಸಹಿಯನ್ನು ಯಾರು ಬೇಕಾದರೂ ಮಾಡಬಹುದು. ನಿಮ್ಮ ಮೇಲಿನವರಿಗೆ ಇದು ಹೊಳೆಯಲಿಲ್ಲವೇ? ಅವಳ ಹೆಸರನ್ನು ನಾನೇ ಬರೆದು ಕಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಬರೆಯುವುದಿಲ್ಲ. ಒಮ್ಮೆ ಮಣ್ಣು ಮೆತ್ತಿಸಿದ್ದು ಸಾಕು.

ಸರ್ದಾರಬಿಗೆ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಕೈಯ ಮಣ್ಣು ತೊಳೆದುಕೊಂಡು ಬಂದು, ‘ಏಪ್ರಿಲ್‌ಗೆ ಎಷ್ಟು ತಿಂಗಳದರಿ?’ ಎಂದು ಕೇಳಿದಳು. ಆರು ಎಂದೆ. ‘ಪಾಟಿ ತಗೊಂಡು ಬರ್ತೀನಿ, ಕಲಸ್ರಿ’ ಎಂದಳು. ನಾನು ಸಮಾಧಾನ ಮಾಡಲು ಹೋಗಿ, ಹೆಸರು ಬರೆಯುವಷ್ಟು ಕಲಿತರೆ ಸಾಕು, ಹದಿನೈದು ದಿನದ ಕೆಲಸ ಎಂದೆ. ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ‘ಬರೇ ಹೆಸರಾ? ದಸ್ಕತ್ ಯಾತರ ಕೆಳಗ ಮಾಡಾಕತ್ತೀನಿ ಅಂತ ನನಗ ಗೊತ್ತಾಗಬ್ಯಾಡೇನ್ರಿ?’

ಐವತ್ತು ದಾಟಿದವಳು. ಒತ್ತಿದರೆ ಬಳಪ ಮುರಿಯುತ್ತದೆ, ಅವಳ ಕೈ ಅಂಥದ್ದು. ನೋಡೋಣ. ದಿನಾ ಸಂಜೆ ಬರುತ್ತಾಳೆ.

ಲಲಿತಾ

*

ಮುಡಬಿ
೨೨ ಮಾರ್ಚ್ ೧೯೮೭

ಹುಮನಾಬಾದ ದೊಡ್ಡ ಬಾಯಾರಿಗೆ ಸಲಾಂ.

ಈ ಕಾಗದ ನಾ ಬರದೀನಿ. ಲಲಿತಾಬಾಯಾರು ಬರದಿಲ್ಲ. ನಾಕು ದಿನ ಹಿಡೀತು.

ಹೊಸಾ ಫಾರ್ಮು ಬಂದದ. ಮುಂದಿನ ಪುಟ ಓದಿದೆ. ಹಿಂದಿನ ಪುಟಾನೂ ಓದಿದೆ. ಒಂದು ಒಲಿಗೆ ಮಾಡಿದಾಕಿ ಕೂಲಿ ಹದಿನೈದು ರೂಪಾಯಿ ಅಂತ ಅದ. ಹಳೀ ಫಾರ್ಮು ತರಿಸಿ ನೋಡಿದೆ. ಅದರಾಗೂ ಹದಿನೈದೇ ಅದ. ಕೊಳವಿ ತರೋ ಗುತ್ತೇದಾರ ನನಗ ಎಂಟು ಕೊಟ್ಟಾನ. ಐವತ್ತೊಂದು ಒಲಿಗೂ ಎಂಟೇ ಕೊಟ್ಟಾನ.

ಲಲಿತಾಬಾಯಾರಿಗೆ ತೋರಿಸಿದೆ. ಅವರು ಮುಂದಿನ ಪುಟ ತುಂಬತಿದ್ರು, ಹಿಂದಿನ ಪುಟ ಓದಿದ್ದಿಲ್ಲ. ನೀವೂ ಓದಿದ್ದಿಲ್ಲ ಅನಸ್ತದ. ನನಗ ಸಿಟ್ಟಿಲ್ಲ. ನಾನೂ ಐವತ್ತೊಂದು ಸಲ ಓದದೇ ಹೆಬ್ಬೆಟ್ಟು ಒತ್ತೀನಿ.

ಉಳಿದದ್ದು ನನಗ ಬರಬೇಕು. ಬೇರೆ ಊರಾಗ ಒಲಿ ಮಾಡೋ ಹೆಣ್ಣುಮಕ್ಕಳಿಗೂ ಬರಬೇಕು. ಅವರಿಗೆ ಗೊತ್ತಿಲ್ಲ, ನಾ ಹೋಗಿ ಹೇಳಾಕತ್ತೀನಿ.

ಜವಾಬು ಬರೀರಿ. ಲಲಿತಾಬಾಯಾರ ಹೆಸರಿಗೆ ಬ್ಯಾಡ, ನನ್ನ ಹೆಸರಿಗೆ ಬರೀರಿ. ನಾನೇ ಓದ್ತೀನಿ.

ಸರ್ದಾರಬಿ